ಭೋಸರಿಯ ಕಾಟಾ ಮತ್ತು ಎರಡನೇ ಪಿನ್ನು
ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ಲಾರಿ ತೂಗುವ ಕಾಟಾದ ತೂಕವನ್ನು ಚೀಟಿಯಲ್ಲಿ ಬರೆದು ಆಫೀಸಿನಲ್ಲಿ ಮತ್ತೆ ಟೈಪ್ ಮಾಡುತ್ತಿದ್ದರು. ಅದು ನೇರ ನೆಟ್‌ವರ್ಕಿಗೆ ಬರುವಂತೆ ಮಾಡುವ ಕೆಲಸ ನನ್ನದಾಗಿತ್ತು.

ಕಾಟಾದ ಕೋಣೆಯಿಂದ ನೆಟ್‌ವರ್ಕ್ ಉಪಕರಣಗಳಿರುವ ರ‍್ಯಾಕಿಗೆ ಸುಮಾರು 60 ಮೀಟರ್. ಕಾಟಾ ತೂಕ ಕಳಿಸುವುದು ಆರ್‌ಎಸ್-232 ಎಂಬ ಹಳೆಯ ಸೀರಿಯಲ್ ಪದ್ಧತಿಯಲ್ಲಿ; ಆ ಕೇಬಲ್ಲನ್ನು ನಾನು 15 ಮೀಟರ್ ದಾಟಿಸುವುದಿಲ್ಲ, ದೊಡ್ಡ ಮೋಟಾರುಗಳ ಪಕ್ಕದಲ್ಲಂತೂ ಬೇಡವೇ ಬೇಡ. ಸೀರಿಯಲ್ ಮಾಹಿತಿಯನ್ನು ನೆಟ್‌ವರ್ಕಿಗೆ ದಾಟಿಸುವ ಟರ್ಮಿನಲ್ ಸರ್ವರನ್ನೇ ಆ ಕೋಣೆಗೆ ತಂದಿಟ್ಟೆ. ಮುಂದಕ್ಕೆ ಈಥರ್ನೆಟ್, ಅದು 100 ಮೀಟರ್ ಆರಾಮಾಗಿ ಹೋಗುತ್ತದೆ.

ಸರ್ವರಿನ ಸೀರಿಯಲ್ ಪೋರ್ಟ್ ಆರ್‌ಜೆ-45, ನೋಡಲು ಈಥರ್ನೆಟ್ ಪೋರ್ಟಿನಂತೆಯೇ. ಪಿನ್ನುಗಳ ಜೋಡಣೆ ಸಿಸ್ಕೊ ಉಪಕರಣಗಳ ಕನ್ಸೋಲ್ ಪೋರ್ಟಿನದೇ: 3 ಕಳಿಸುತ್ತದೆ, 6 ಕೇಳುತ್ತದೆ, 4 ಗ್ರೌಂಡ್. ಕಾಟಾದ ತೂಕ ತೋರಿಸುವ ಪೆಟ್ಟಿಗೆ, ಅಂದರೆ ಇಂಡಿಕೇಟರಿನಲ್ಲಿ 9 ಪಿನ್ನಿನ ಗಂಡು ಕನೆಕ್ಟರ್. ಬ್ಯಾಗಿನಲ್ಲಿದ್ದ ತಿಳಿನೀಲಿ ಕನ್ಸೋಲ್ ಕೇಬಲ್ ಎರಡಕ್ಕೂ ಸರಿಯಾಗಿ ಕೂತಿತು. ಒಂದಕ್ಷರವೂ ಬರಲಿಲ್ಲ.

ಜೊತೆಗಿದ್ದ ಅಥಣಿಯ ಹುಡುಗ, "ಅಣ್ಣಾರ, ಕೇಬಲ್ ಹೊಸಾದೈತ್ರಿ, ಕಾಟಾನ ಕೆಟ್ಟಿರಬೇಕು" ಅಂದ. ಎರಡೂ ಕೆಟ್ಟಿರಲಿಲ್ಲ. ಗಂಡು ಕನೆಕ್ಟರ್ ಇದ್ದರೆ ಕಂಪ್ಯೂಟರಿನಂತೆ 3ನೇ ಪಿನ್ನಿನಲ್ಲಿ ಕಳಿಸುತ್ತದೆಂದು ನಾನು ನಂಬಿದ್ದೆ. ಆ ನಂಬಿಕೆಗೇ ಅರ್ಧ ದಿನ ಹೋಯಿತು.

ಕೊನೆಗೆ ಮಲ್ಟಿಮೀಟರ್ ತೆಗೆದೆ. ಕೇಬಲ್ ಬಿಚ್ಚಿ, ಕಪ್ಪು ಕಡ್ಡಿ ಇಂಡಿಕೇಟರಿನ ಗ್ರೌಂಡ್ ಆದ 5ನೇ ಪಿನ್ನಿಗೆ, ಕೆಂಪು ಕಡ್ಡಿ 3ಕ್ಕೆ: ಹೆಚ್ಚುಕಡಿಮೆ ಸೊನ್ನೆ. 2ಕ್ಕೆ ಇಟ್ಟೆ: ಮೈನಸ್ 9 ವೋಲ್ಟ್. ಸುಮ್ಮನಿರುವಾಗ ಮೈನಸ್ ವೋಲ್ಟೇಜ್ ಹಿಡಿದು ನಿಲ್ಲುವುದು ಕಳಿಸುವ ತಂತಿ. ಇಂಡಿಕೇಟರಿನ ಪ್ರಿಂಟ್ ಗುಂಡಿ ಒತ್ತಿಸಿದೆ, ಅಂಕಿ ಒಂದು ಕ್ಷಣ ಅಲುಗಿ ಮತ್ತೆ ಅಲ್ಲೇ ನಿಂತಿತು. ಅನುಮಾನ ಉಳಿಯಲಿಲ್ಲ. ಕನ್ಸೋಲ್ ಕೇಬಲ್ 2ನೇ ಪಿನ್ನನ್ನು ಒಯ್ದು ಸರ್ವರಿನ 3ಕ್ಕೆ ಕಟ್ಟುತ್ತದೆ. ಅಂದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡುತ್ತಿದ್ದರು, ಕೇಳುವವರಿರಲಿಲ್ಲ.

ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಿಂದ ಒಂದು ಬದಿ ಡಿಬಿ-9 (ಅದೇ 9 ಪಿನ್ನಿನದು), ಇನ್ನೊಂದು ಬದಿ ಆರ್‌ಜೆ-45 ಇದ್ದು, ಒಳತಂತಿ ಬಿಡಿಬಿಡಿಯಾಗಿರುವ ಅಡಾಪ್ಟರ್ ತಂದೆ. ಬಣ್ಣ ನೋಡಿ ತಂತಿ ಚುಚ್ಚಬೇಡಿ, ಒಬ್ಬೊಬ್ಬ ತಯಾರಕನದು ಒಂದೊಂದು ಕ್ರಮ. ಪ್ರತಿ ತಂತಿಯನ್ನೂ ಮೀಟರಿನ ಬೀಪ್ ಕೇಳಿಸಿಕೊಂಡೇ ಚುಚ್ಚಿದೆ, ಒಮ್ಮೆ ಒಳಹೋದ ಪಿನ್ನನ್ನು ಹೊರತೆಗೆಯುವುದು ಕಷ್ಟ. ಕಾಟಾದ 2 ಸರ್ವರಿನ 6ಕ್ಕೆ, 3 ಸರ್ವರಿನ 3ಕ್ಕೆ, 5 ಸರ್ವರಿನ 4ಕ್ಕೆ. ಮೂರೇ ತಂತಿ ಆದ್ದರಿಂದ, 'ತಡಿ, ಕಳಿಸು' ಎಂದು ಬೇರೆ ತಂತಿಗಳಲ್ಲಿ ಹೇಳುವ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಬಂದ್ ಮಾಡಿದೆ.

ಈ ಸಲ ಪರದೆ ಮೇಲೆ ಅರ್ಥವಿಲ್ಲದ ಅಕ್ಷರಗಳು ಬಂದವು. ಹುಡುಗ ಮುಖ ಸಣ್ಣದು ಮಾಡಿದ, ನನಗೆ ಸಂತೋಷವಾಯಿತು. ಕಸ ಬಂತೆಂದರೆ ತಂತಿ ಸರಿ ಇದೆ, ವೇಗ ಇಲ್ಲವೇ ಬಿಟ್‌ಗಳ ಸೆಟ್ಟಿಂಗ್ ತಪ್ಪಿರಬೇಕು. ಪೋರ್ಟಿನ ವೇಗ ಸೆಕೆಂಡಿಗೆ 9600 ಬಿಟ್‌ನಲ್ಲಿತ್ತು, ಇಂಡಿಕೇಟರಿನದು 2400; ಜೊತೆಗೆ ಅಕ್ಷರಕ್ಕೆ 7 ಬಿಟ್, ತಪ್ಪು ಪತ್ತೆಗೆ ಈವನ್ ಪ್ಯಾರಿಟಿ ಎಂಬ ಇನ್ನೊಂದು ಬಿಟ್. ಬದಲಿಸಿದ ಕೂಡಲೇ ತೂಕ ಬಂತು.

ಅಡಾಪ್ಟರಿನ ಮೇಲೆ "2-6, 3-3, 5-4, ಈಥರ್ನೆಟ್ ಅಲ್ಲ" ಎಂದು ಬರೆದು ಅಂಟಿಸಿದೆ. ಎರಡನೇ ಗೇಟಿನ ಕಾಟಾಕ್ಕೆ ಹುಡುಗನೇ ಹೋದ. ಫೋನ್ ಮಾಡಿದಾಗ ಅವನ ಮೊದಲ ಮಾತು: "ಅಣ್ಣಾರ, ಇದು ಮೂರರಾಗ ಕಳಸತೈತ್ರಿ. ಮೀಟರ್ ಹಚ್ಚಿ ನೋಡೀನಿ."