ವೀಲ್ ಬೇರಿಂಗ್‌ಗೆ ನಾನೇ ಮಾಡಿಸಿಕೊಂಡ ಬೋಲ್ಟ್ ಪುಲ್ಲರ್

ಕಾರಿನ ಮುಂದಿನ ಚಕ್ರದ ಬೇರಿಂಗ್ ಬದಲಿಸಲು ಹೈಡ್ರಾಲಿಕ್ ಪ್ರೆಸ್ ಬೇಕೇಬೇಕು ಎಂದೇನಿಲ್ಲ. ಒಂದು ಗಟ್ಟಿ ಬೋಲ್ಟ್, ಎರಡು ಡಿಸ್ಕ್, ಒಂದು ಬಟ್ಟಲು, ಒಂದು ಬುಷ್ (ದಪ್ಪ ಕೊಳವೆಯ ತುಂಡು) ಇದ್ದರೆ ನಕಲ್ (ಬೇರಿಂಗ್ ಕೂರುವ ಲೋಹದ ಭಾಗ) ಗಾಡಿಯಲ್ಲೇ ಇರುವಾಗ ಕೆಲಸ ಮುಗಿಯುತ್ತದೆ. ರೆಡಿಮೇಡ್ ಸೆಟ್‌ನಲ್ಲಿ ಹತ್ತಾರು ಡಿಸ್ಕ್ ಬಂದರೂ ನಮ್ಮ ಗಾಡಿಗೆ ಆಗುವುದು ಒಂದೋ ಎರಡೋ. ಹಾಗಾಗಿ ಲೇತ್‌ನಲ್ಲಿ ಮಾಡಿಸುವುದೇ ನನಗೆ ಸರಿ ಅನ್ನಿಸುತ್ತದೆ.

ಅಳತೆ ಬೇರಿಂಗ್ ನಂಬರಿನಲ್ಲೇ ಇರುತ್ತದೆ. ಡಿಎಸಿ 34640037 ಅಂದರೆ ಒಳವ್ಯಾಸ 34, ಹೊರವ್ಯಾಸ 64, ಅಗಲ 37 ಮಿ.ಮೀ. ಮುಂದಿನ ಲೆಕ್ಕವೆಲ್ಲ ಇದರದ್ದು. ನಿಮ್ಮ ಬೇರಿಂಗ್ ಬೇರೆಯಾದರೆ ವರ್ನಿಯರ್ ಹಿಡಿದು ಅಳೆದುಕೊಳ್ಳಿ.

ಕೂರಿಸುವ ಡಿಸ್ಕ್: ಹೊರವ್ಯಾಸ 63.5, ದಪ್ಪ 16, ನಡುವೆ 17ರ ತೂತು. ಒತ್ತುವ ಮುಖದಲ್ಲಿ 56 ಮಿ.ಮೀ. ವ್ಯಾಸದಷ್ಟು ಜಾಗವನ್ನು 3 ಮಿ.ಮೀ. ಆಳಕ್ಕೆ ತೆಗೆಸಬೇಕು. ಆಗ ಒತ್ತಡ ಹೊರ ರೇಸ್ (ಬೇರಿಂಗ್‌ನ ಹೊರ ಉಂಗುರ) ಮೇಲೆ ಮಾತ್ರ ಬೀಳುತ್ತದೆ. ಒಳ ರೇಸ್ ಒತ್ತಿ ಕೂರಿಸಿದರೆ ಆ ಟನ್‌ಗಟ್ಟಲೆ ಭಾರ ಗುಂಡುಗಳ ಮೂಲಕವೇ ಹಾದು ರೇಸ್‌ನಲ್ಲಿ ಕುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಗುಂಯ್‌ಗುಡುತ್ತದೆ.

ಬಿಚ್ಚುವ ಡಿಸ್ಕ್ ಇನ್ನೂ ಸಣ್ಣದು. ಸರ್ಕ್ಲಿಪ್ (ಬೇರಿಂಗ್ ಜಾರದಂತೆ ತಡೆಯುವ ಸ್ಪ್ರಿಂಗ್ ಉಂಗುರ) ಇಲ್ಲದ ಕಡೆ ನಕಲ್‌ನ ಬಾಯಿ ಕಿರಿದಾಗಿರುತ್ತದೆ. ಆ ಬಾಯಿಗಿಂತ 1 ಮಿ.ಮೀ. ಕಡಿಮೆ ಇಡಿ.

ಬಟ್ಟಲಿನ ಒಳವ್ಯಾಸ 68, ಆಳ 50, ಗೋಡೆ ಕನಿಷ್ಠ 6. ಹಳೆ ಬೇರಿಂಗ್ ಬಂದು ಬೀಳುವುದು ಇದರೊಳಗೆ. ಗುಜರಿಯಲ್ಲಿ ಸಿಗುವ ಲಾರಿ ಬೇರಿಂಗ್‌ನ ಹೊರ ರೇಸ್ ಮೇಲೆ 15 ಮಿ.ಮೀ. ಪ್ಲೇಟ್ ಇಟ್ಟರೂ ನಡೆಯುತ್ತದೆ, ಆಳ ಸಾಲುವಂತಿರಬೇಕಷ್ಟೆ. ಅದಕ್ಕೆ ಸುತ್ತಿಗೆ ಏಟು ಮಾತ್ರ ಕೊಡಬೇಡಿ, ಗಡಸು ಉಕ್ಕು ಸಿಡಿದು ಕಣ್ಣಿಗೆ ಬರುತ್ತದೆ.

ಹಬ್ (ಚಕ್ರ ಕೂರುವ, ಬೇರಿಂಗ್ ಒಳಗೆ ತಿರುಗುವ ಭಾಗ) ಎಳೆಯುವ ಬುಷ್‌ನ ಒಳವ್ಯಾಸ 35, ಹೊರವ್ಯಾಸ 41. ಹಬ್ ಒಳಬರುವಾಗ ಒಳ ರೇಸ್‌ಗೆ ಹಿಂದಿನಿಂದ ಆಸರೆ ಕೊಡುವುದು ಇದೇ. ಇಲ್ಲಿ ಭಾರ ಒಳ ರೇಸ್ ಮೇಲೇ ಬರಬೇಕು. ಡಿಸ್ಕ್, ಬುಷ್‌ಗಳಿಗೆ ಇಎನ್8 ಉಕ್ಕು ಕೇಳಿ.

ಹೆಚ್ಚಿನವರು ಎಡವುವುದು ಬೋಲ್ಟ್‌ನಲ್ಲಿ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಎಂ16 ಥ್ರೆಡ್ ರಾಡ್ ಮೂರೂವರೆ ಟನ್ ಆಸುಪಾಸಿನಲ್ಲೇ ಹಿಗ್ಗಲು ಶುರುವಾಗುತ್ತದೆ. ತುಕ್ಕು ಹಿಡಿದ ಬೇರಿಂಗ್ ಅದಕ್ಕಿಂತ ಹೆಚ್ಚು ಕೇಳುತ್ತದೆ. 10.9 ಗ್ರೇಡಿನ ಎಂ16 ಬೋಲ್ಟ್ 13 ಟನ್‌ವರೆಗೆ ತಡೆಯುತ್ತದೆ. 200 ಮಿ.ಮೀ. ಉದ್ದದ್ದು, ಅದೇ ದರ್ಜೆಯ ನಟ್, ಗಡಸು ವಾಷರ್ ತನ್ನಿ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆ ಇದೆ. ಥ್ರೆಡ್‌ಗೆ ಮಾಲಿಬ್ಡಿನಮ್ ಬೆರೆಸಿದ ಗ್ರೀಸ್ ಹಚ್ಚದೆ ಒಂದು ಸುತ್ತೂ ತಿರುಗಿಸಬೇಡಿ, ಥ್ರೆಡ್ ಕಚ್ಚಿಕೊಂಡರೆ ಬೋಲ್ಟ್, ನಟ್ ಎರಡೂ ಹಾಳು. ನಟ್ ಕೆಳಗೆ 51203 ಥ್ರಸ್ಟ್ ಬೇರಿಂಗ್ (ನೇರ ಒತ್ತಡ ತಡೆಯುವ ಬೇರಿಂಗ್) ಹಾಕಿದರೆ ಕೂರಿಸುವಾಗ ಕೈ ಹಗುರ, ಆದರೆ ಹಳೆಯದನ್ನು ಬಿಡಿಸುವ ಭಾರಕ್ಕೆ ಅದು ನಿಲ್ಲುವುದಿಲ್ಲ.

ಹಬ್ ಹೊರತೆಗೆಯಲು ಸ್ಲೈಡ್ ಹ್ಯಾಮರ್ (ರಾಡ್ ಮೇಲೆ ಜಾರುವ ತೂಕದ ಏಟಿನಿಂದ ಎಳೆಯುವ ಸಾಧನ) ಸಾಕು. ಸಾಮಾನ್ಯವಾಗಿ ಎರಡು ಒಳ ರೇಸ್‌ಗಳಲ್ಲಿ ಒಂದು ಹಬ್‌ಗೇ ಅಂಟಿಕೊಂಡು ಬರುತ್ತದೆ. ಗ್ರೈಂಡರ್‌ನಿಂದ ಅದರ ದಪ್ಪದ ಮುಕ್ಕಾಲು ಭಾಗ ಸೀಳಿ, ಉಳಿಯಿಂದ ಒಂದು ಏಟು ಕೊಟ್ಟರೆ ಟಪ್ಪೆಂದು ಬಿರುಕು ಬಿಡುತ್ತದೆ. ಪೂರ್ತಿ ಕೊಯ್ಯಲು ಹೋದರೆ ಹಬ್‌ನ ಶಾಫ್ಟ್‌ಗೆ ಗೀರು ಬೀಳುತ್ತದೆ. ಆಮೇಲೆ ಸರ್ಕ್ಲಿಪ್ ತೆಗೆದು ಬೇರಿಂಗ್ ಬಟ್ಟಲಿಗೆ ಎಳೆದುಕೊಳ್ಳಿ.

ಹೊಸದನ್ನು ಕೂರಿಸುವ ಮುನ್ನ ನಕಲ್‌ನ ಒಳಗೋಡೆ ಎಮರಿ ಕಾಗದದಿಂದ ಉಜ್ಜಿ, ತೆಳ್ಳಗೆ ಎಣ್ಣೆ ಸವರಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಹಲವು ಗಾಡಿಗಳಲ್ಲಿ ಬೇರಿಂಗ್‌ನ ಒಂದು ಸೀಲ್ ಮ್ಯಾಗ್ನೆಟಿಕ್. ಪೇಪರ್ ಕ್ಲಿಪ್ ಮೆಲ್ಲಗೆ ಅಂಟುವ ಮುಖ ಸೆನ್ಸರ್ ಕಡೆಗೆ ಇರಬೇಕು. ತಿರುವುಮುರುವಾದರೆ ಎಬಿಎಸ್ ದೀಪ ಆರುವುದಿಲ್ಲ, ಇಡೀ ಕೆಲಸ ಮತ್ತೆ ಮೊದಲಿಂದ. ಮೊದಲ 5 ಮಿ.ಮೀ. ಹೋಗುವವರೆಗೆ ಅರ್ಧ ಸುತ್ತಿಗೊಮ್ಮೆ ನಾಲ್ಕೂ ಕಡೆ ವರ್ನಿಯರ್ ಇಟ್ಟು ನೋಡಿ. ಓರೆಯಾಗಿದ್ದರೆ ಹಿಂದಕ್ಕೆ ತಂದು ಮತ್ತೆ ಶುರು ಮಾಡಿ. ಸ್ಪ್ಯಾನರ್ ಇದ್ದಕ್ಕಿದ್ದಂತೆ ಬಿಗಿಯಾದರೆ ಬೇರಿಂಗ್ ತಳ ಮುಟ್ಟಿತು ಎಂದರ್ಥ, ಅಲ್ಲಿಗೆ ನಿಲ್ಲಿಸಿ. ಸರ್ಕ್ಲಿಪ್ ತನ್ನ ತೋಡಿನಲ್ಲಿ ಪೂರ್ತಿ ಕೂತ ಮೇಲೆ ಹಬ್ ಎಳೆಯಿರಿ.

ಆಕ್ಸಲ್ ನಟ್ ಹೊಸದೇ ಹಾಕಿ, ಟಾರ್ಕ್ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ. ಅದನ್ನು ಬಿಗಿ ಮಾಡದೆ ಗಾಡಿಯ ಭಾರವನ್ನು ಚಕ್ರದ ಮೇಲೆ ಇಳಿಸಬಾರದು, ಎರಡು ಒಳ ರೇಸ್‌ಗಳು ಬೇರ್ಪಟ್ಟು ಬೇರಿಂಗ್ ಅಲ್ಲೇ ಕೆಡುತ್ತದೆ. ಬ್ರೇಕ್ ಒತ್ತಿ ಹಿಡಿಯಲು ಇನ್ನೊಬ್ಬರಿದ್ದರೆ, ಜ್ಯಾಕ್ ಸ್ಟ್ಯಾಂಡ್ ಮೇಲೆ ಇರುವಾಗಲೇ ಟಾರ್ಕ್ ಕೊಡಬಹುದು.