ಹದಿನಾರು ವಾಕ್ಯದಲ್ಲಿ ಒಂದು ಬಾಗಿಲು: ಬರೆಯುವ ಸವಾಲು ನಡೆಸಿದ ನನ್ನ ಅನುಭವ

ವಾಟ್ಸಾಪ್ ಗುಂಪಿನಲ್ಲಿ ಬರೆಯುವ ಸವಾಲು ಇಡೋದು ಹೇಗೆ, ಜನ ಹೇಗೆ ಬರೆದರು, ನಮ್ಮಲ್ಲಿ ಶುಭೋದಯದ ಚಿತ್ರ ಬಿಟ್ಟು ಬೇರೇನೂ ಬರಲ್ಲ ಅಂತ ಈಚೆಗೆ ತುಂಬಾ ಜನ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ನನ್ನ ಪ್ರಕಾರ ಮುಕ್ಕಾಲು ಪಾಲು ಕೆಲಸ ವಸ್ತು ಆರಿಸೋದರಲ್ಲೇ ಇದೆ. ಕೈಯಲ್ಲಿ ಮುಟ್ಟಿ ನೋಡುವಂಥದ್ದು ಕೊಡಿ. ಯಾವತ್ತೂ ಬರೆಯದವರೂ ಬರೆಯುತ್ತಾರೆ.

ನಾನು ಹಾಸನದಲ್ಲಿ ಜೆರಾಕ್ಸ್, ಸ್ಟೇಷನರಿ ಅಂಗಡಿ ನಡೆಸುವವಳು. ನಮ್ಮದು ಪುಸ್ತಕ ಓದುವವರ ಗುಂಪು. ಸಕಲೇಶಪುರ, ಆಲೂರು ಕಡೆಯ ತೋಟದವರು, ಅರಸೀಕೆರೆಯ ತೆಂಗು ಬೆಳೆಯುವವರು, ಹಾಸನದ ಮೇಷ್ಟ್ರುಗಳು, ನರ್ಸ್‌ಗಳು, ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರು, ಎಲ್ಲ ಇದ್ದಾರೆ. ಓದುತ್ತಿದ್ದರು, ಬರೆಯುತ್ತಿರಲಿಲ್ಲ. 2025ರಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಗ ಗುಂಪಿನಲ್ಲಿ ಒಂದು ಹುರುಪು ಎದ್ದಿತು. ಹಾಸನದಲ್ಲಿ ಕೂತು ಕನ್ನಡದಲ್ಲಿ ಬರೆದ ಕತೆಗಳು ಲಂಡನ್ನಿನವರೆಗೆ ಹೋದವು ಅಂದಮೇಲೆ ನಾವೂ ನಾಲ್ಕು ಸಾಲು ಬರೆಯೋಣ ಅನ್ನೋ ಮಾತು ಬಂತು. ಆ ಹುರುಪು ಆರುವ ಮೊದಲು ಏನಾದರೂ ಮಾಡಬೇಕು ಅನಿಸಿತು.

ವಸ್ತು ಏನಿಡೋಣ ಅಂತ ಕೇಳಿದರೆ ಬಂದ ಉತ್ತರಗಳು ಎಲ್ಲ ಕಡೆ ಬರುವಂಥವೇ. ತಾಯಿ, ಸ್ನೇಹ, ಮಳೆ, ಮಲೆನಾಡು. ನಾನು ಯಾವುದನ್ನೂ ಒಪ್ಪಲಿಲ್ಲ. ತಾಯಿ ಅಂದ ಕೂಡಲೇ ಜನ ದೊಡ್ಡ ದೊಡ್ಡ ಮಾತು ಆಡುತ್ತಾರೆ, ಆ ಮಾತುಗಳ ಮಧ್ಯೆ ಅವರ ಸ್ವಂತ ಅಮ್ಮನೇ ಕಾಣೋದಿಲ್ಲ. ಮಳೆ ಅಂದರೆ ಎಲ್ಲರ ತಲೆಯಲ್ಲೂ ಯಾರೋ ಬರೆದ ಸಾಲು ಮೊದಲೇ ಕೂತಿರುತ್ತದೆ. ಮಲೆನಾಡು ಅಂದರೆ ಅರಸೀಕೆರೆಯವರು, ಚನ್ನರಾಯಪಟ್ಟಣದವರು ಏನು ಮಾಡಬೇಕು? ನಮ್ಮ ಜಿಲ್ಲೆಯಲ್ಲಿ ಅರ್ಧ ಬಯಲು ಸೀಮೆ. ಎಲ್ಲರ ಹತ್ತಿರವೂ ಇರಬೇಕು, ಆದರೆ ಒಬ್ಬರದ್ದು ಇನ್ನೊಬ್ಬರದ್ದರ ಹಾಗೆ ಇರಬಾರದು, ಅಂಥ ವಸ್ತು ಬೇಕಿತ್ತು.

ಹಾಸನಾಂಬೆ ದೇವಸ್ಥಾನದಿಂದ ಅದು ಸಿಕ್ಕಿತು. ಹೊರಗಿನವರಿಗಾಗಿ ಹೇಳುತ್ತೇನೆ, ನಮ್ಮ ಹಾಸನಾಂಬೆಯ ಗರ್ಭಗುಡಿ ಬಾಗಿಲು ವರ್ಷಕ್ಕೆ ಒಮ್ಮೆ ಮಾತ್ರ ತೆಗೆಯೋದು. ಆಶ್ವಯುಜದ ಹುಣ್ಣಿಮೆ ಆದ ಮೇಲಿನ ಗುರುವಾರ ತೆಗೆದರೆ, ಬಲಿಪಾಡ್ಯಮಿ ಕಳೆದು ಮಾರನೇ ದಿನ ಮುಚ್ಚುತ್ತಾರೆ. ತೆಗೆಯುವ ಮೊದಲು ಅರಸು ಮನೆತನದವರು ಬಾಳೆ ಕಂದು ಕಡಿಯುತ್ತಾರೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವಾಗಲೂ ಉರಿಯುತ್ತಿರುತ್ತದೆ ಅಂತ ನಂಬಿಕೆ. ಆ ದಿನಗಳಲ್ಲಿ ಊರಿಗೆ ಊರೇ ಬಾಗಿಲ ಮಾತಾಡುತ್ತಿರುತ್ತದೆ. ಹಾಗಾಗಿ ವಸ್ತು ಬಾಗಿಲು. ಅಲ್ಲಿ ಬಾಗಿಲು ತೆಗೆದಾಗ ನಮ್ಮ ಸವಾಲು ಶುರು, ಅಲ್ಲಿ ಮುಚ್ಚಿದಾಗ ನಮ್ಮದೂ ಮುಗಿಯಿತು. 2025ರಲ್ಲಿ ಅದು ಅಕ್ಟೋಬರ್ 9ಕ್ಕೆ ತೆಗೆದು 23ಕ್ಕೆ ಮುಚ್ಚಿತು. ಹೀಗೆ ಊರಿನ ದಿನದ ಜೊತೆ ಸೇರಿಸಿದ್ದರಿಂದ ಒಂದು ದೊಡ್ಡ ಅನುಕೂಲ ಆಯಿತು. ಕೊನೆಯ ದಿನಾಂಕ ಯಾವತ್ತು ಅಂತ ಯಾರಿಗೂ ನೆನಪಿಸಬೇಕಾಗಿ ಬರಲಿಲ್ಲ, ಇನ್ನೆರಡು ದಿನ ಕೊಡಿ ಅಂತ ಯಾರೂ ಕೇಳಲೂ ಇಲ್ಲ.

ಉದ್ದ ಎಷ್ಟಿರಬೇಕು ಅನ್ನೋದಕ್ಕೂ ಜಿಲ್ಲೆಯಲ್ಲೇ ಉತ್ತರ ಇತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಶಾಸನ, ಸುಮಾರು ಕ್ರಿ.ಶ. 450ರದ್ದು, ಅದರಲ್ಲಿ ಇರೋದು ಹದಿನಾರೇ ಸಾಲು. ಒಂದು ಯುದ್ಧ, ಅದರಲ್ಲಿ ಗೆದ್ದವನಿಗೆ ದಾನ ಕೊಟ್ಟ ಊರುಗಳು, ಆ ದಾನ ಕೆಡಿಸಿದವನಿಗೆ ತಟ್ಟುವ ಪಾಪ, ಎಲ್ಲ ಅಷ್ಟರಲ್ಲೇ ಇದೆ. ನಮಗೂ ಹದಿನಾರು ಸಾಕು ಅಂದೆ. ಮೊಬೈಲಿನಲ್ಲಿ ಒಬ್ಬೊಬ್ಬರ ಅಕ್ಷರದ ಗಾತ್ರ ಒಂದೊಂದು ಥರ ಇರೋದರಿಂದ ಸಾಲಿನ ಬದಲು ಹದಿನಾರು ವಾಕ್ಯ ಅಂತ ಮಾಡಿದೆವು. ಮಿತಿ ಇಟ್ಟರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಕೆಲವರು ಹೇಳಿದ್ದರು. ಆದದ್ದು ಬೇರೆ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿದ್ದರೆ ಶುರು ಮಾಡೋಕೆ ಭಯ ಇರಲ್ಲ.

ಪ್ರಕಟಣೆಯಲ್ಲಿ ಬರೀ ‘ಬಾಗಿಲು’ ಅಂತ ಹಾಕಿ ಬಿಡಲಿಲ್ಲ. ಕೆಳಗೆ ಸಣ್ಣ ಪ್ರಶ್ನೆಗಳನ್ನು ಹಾಕಿದೆ. ಯಾವ ಬಾಗಿಲು, ಎಲ್ಲಿಯದು? ಬಣ್ಣ ಏನಿತ್ತು? ಚಿಲಕ ನಿಮ್ಮ ಕೈಗೆ ಎಟುಕುತ್ತಿತ್ತಾ? ರಾತ್ರಿ ಯಾರು ಹಾಕುತ್ತಿದ್ದರು? ಹೀಗೆ ಕೇಳಿದರೆ ಜನ ಬಾಗಿಲ ಬಗ್ಗೆ ಯೋಚನೆ ಮಾಡೋದು ಬಿಟ್ಟು ಒಂದು ಬಾಗಿಲನ್ನು ನೆನೆಸಿಕೊಳ್ಳುತ್ತಾರೆ. ಚಿಲಕದ ಪ್ರಶ್ನೆ ಒಂದರಿಂದಲೇ ಎಷ್ಟೊಂದು ಬರಹ ಬಂದವು, ಬಾಲ್ಯ ಅಂದರೆ ಹಲವರಿಗೆ ಕೈಗೆಟುಕದ ಚಿಲಕವೇ.

ಇನ್ನೊಂದು ಕೆಲಸ ಮೊದಲೇ ಮಾಡಿಟ್ಟಿದ್ದೆ. ಶುರುವಾಗುವ ಮುಂಚೆಯೇ ಮೂರ್ನಾಲ್ಕು ಜನರಿಗೆ ಫೋನ್ ಮಾಡಿ, ಮೊದಲ ದಿನಕ್ಕೆ ಒಂದೊಂದು ಬರೆದುಕೊಡಿ, ತುಂಬಾ ಚೆನ್ನಾಗಿ ಬೇಡ, ಸರಳವಾಗಿರಲಿ ಅಂತ ಕೇಳಿಕೊಂಡಿದ್ದೆ. ಮೊದಲು ಬರುವ ಬರಹ ಭಾರಿ ಸಾಹಿತ್ಯವಾಗಿದ್ದರೆ ಉಳಿದವರು ಹಿಂದೆ ಸರಿಯುತ್ತಾರೆ. ನಾನೂ ನನ್ನ ಅಂಗಡಿಯ ಶಟರ್ ಬಗ್ಗೆ ಬರೆದೆ, ಬೆಳಿಗ್ಗೆ ಎತ್ತುವಾಗ ಅದು ಮಾಡುವ ಸದ್ದಿಗೆ ಪಕ್ಕದ ಅಂಗಡಿಯವರು ಟೀ ಹೇಳೋದು, ಅಷ್ಟೇ.

ಬರಹಗಳನ್ನು ಯಾರೂ ನೇರ ಗುಂಪಿಗೆ ಹಾಕುವ ಹಾಗಿರಲಿಲ್ಲ. ನನಗೆ ಕಳಿಸಬೇಕು. ನಾನು ಹೆಸರು ತೆಗೆದು, ಒಂದು ನಂಬರ್ ಕೊಟ್ಟು, ಬೆಳಿಗ್ಗೆ ಒಂದು ಸಂಜೆ ಒಂದು ಅಂತ ಹಾಕುತ್ತಿದ್ದೆ, ತುಂಬಾ ಬಂದ ದಿನ ಎರಡೆರಡು. ಹೆಸರು ಯಾಕೆ ತೆಗೆದೆ ಅಂದರೆ, ಗುಂಪಿನಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಇದ್ದಾರೆ, ಅವರ ಹಳೇ ವಿದ್ಯಾರ್ಥಿಗಳೂ ಇದ್ದಾರೆ. ಹೆಸರು ಕಂಡರೆ ಮೇಷ್ಟ್ರದ್ದಕ್ಕೆ ಹೊಗಳಿಕೆ, ತೋಟದ ಲೈನ್ ಮನೆಯ ಹುಡುಗಿ ಬರೆದದ್ದಕ್ಕೆ ಮೌನ, ಹಾಗೆ ಆಗೋ ಸಾಧ್ಯತೆ ಇರುತ್ತದೆ. ಹೆಸರಿಲ್ಲದಿದ್ದಾಗ ಬರಹವನ್ನೇ ಓದಿದರು. ಕಾಗುಣಿತ ಮಾತ್ರ ತಿದ್ದುತ್ತಿದ್ದೆ. ಆಡುಮಾತು ಮುಟ್ಟಲಿಲ್ಲ. ‘ವತ್ತಾರೆ ಎದ್ದು’ ಅಂತ ಬರೆದಿದ್ದನ್ನು ‘ಮುಂಜಾನೆ ಎದ್ದು’ ಮಾಡಿದರೆ ಆ ಮನೆಯೇ ಬೇರೆ ಆಗಿಬಿಡುತ್ತದೆ ಅಲ್ವಾ.

ಟೈಪ್ ಮಾಡಲು ಬಾರದವರು ಆಡಿಯೋ ಕಳಿಸಬಹುದು ಅಂದಿದ್ದೆ. ಇದನ್ನು ಖಂಡಿತ ಬಿಡಬೇಡಿ. ನಮಗೆ ಬಂದ ಅತ್ಯುತ್ತಮ ಬರಹ ಆಡಿಯೋದಲ್ಲೇ ಬಂತು, ಅದೂ ಗುಂಪಿನ ಸದಸ್ಯರೊಬ್ಬರ ಅಜ್ಜಿಯಿಂದ. “ಬರಿಯಕ್ ಬರಲ್ಲ ಕಣವ್ವ, ಹೇಳ್ತೀನಿ, ನೀನೇ ಬರ್ಕೋ” ಅಂತ ಶುರು ಮಾಡಿದ್ದರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು, ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಚರ್ಚ್ ನೋಡಲು ಜನ ಈಗಲೂ ಬರುತ್ತಾರಲ್ಲ, ಅದೇ ನೀರು. ಅಜ್ಜಿಯ ಮನೆಯೂ ಹೋಯಿತು. ಹೆಂಚು, ತೊಲೆ, ಒರಳು, ಎಲ್ಲ ಗಾಡಿಗೆ ಹಾಕಿದ ಮೇಲೆ ಕೊನೆಗೆ ಬಾಗಿಲು ಕಿತ್ತರಂತೆ. ಬಾಗಿಲು ಇರೋವರೆಗೂ ಅದು ಮನೆ, ಹಾಗಾಗಿ ಅದು ಕೊನೆಗೆ. ಹಲಸಿನ ಮರದ ಬಾಗಿಲು. ಹೊಸ ಜಾಗದಲ್ಲಿ ಗೋಡೆ ಎದ್ದಾಗ ನೋಡಿದರೆ ಬಾಗಿಲು ಗೋಡೆಗಿಂತ ಎತ್ತರ. ಬಡಗಿ ಗೇಣುದ್ದ ಕತ್ತರಿಸುತ್ತೇನೆ ಅಂದ. ಅಜ್ಜಿಯ ಯಜಮಾನರು ಬಾಗಿಲು ಕುಯ್ಯೋದು ಬೇಡ, ಗೋಡೆ ಏರಿಸಿ ಅಂದರು. ಬಾಗಿಲ ಕೆಳಗಿನ ಮೂಲೆಯಲ್ಲಿ ಬೆಕ್ಕು ಓಡಾಡಲು ಕೊರೆದ ತೂತು ಇತ್ತು. ಊರು ಬಿಡುವಾಗ ಬೆಕ್ಕು ಸಿಗಲಿಲ್ಲ. ತೂತು ಮುಚ್ಚಿಲ್ಲ, ಇವತ್ತಿಗೂ ಹಂಗೇ ಐತೆ ಅಂದರು. ಅಷ್ಟರಲ್ಲಿ ಒಳಗಿಂದ ಯಾರೋ ಕೂಗಿದರು, ಅಜ್ಜಿ “ಬಂದೆ ಇರು” ಅಂದರು, ಆಡಿಯೋ ಮುಗಿಯಿತು. ನಾನು ಬರೆದುಕೊಂಡು ಎಣಿಸಿದಾಗ ಒಂದು ವಾಕ್ಯಕ್ಕೆ ಜಾಗ ಇತ್ತು. “ಬಂದೆ ಇರು” ಅನ್ನೋದನ್ನೇ ಹದಿನಾರನೆಯದಾಗಿ ಹಾಕಿದೆ.

ಆಲೂರು ಕಡೆಯವರೊಬ್ಬರು ಆನೆ ಬಂದ ರಾತ್ರಿ ಬರೆದರು. ಆ ಭಾಗದಲ್ಲಿ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಅವರು ಸಂದೇಶ ಓದುವ ಹೊತ್ತಿಗೆ ಆನೆ ಅಂಗಳದ ಬೈನೆ ಮರದ ಹತ್ತಿರ ಇತ್ತು. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರಂತೆ, ಬೆನ್ನು ಕೊಟ್ಟರೆ ಆನೆ ನಿಲ್ಲಲ್ಲ ಅಂತ ಗೊತ್ತಿದ್ದೂ.

ಮಧ್ಯದಲ್ಲಿ ಒಂದು ಬರಹ ಬಂತು, ಅದನ್ನು ಹಾಕುವಾಗ ನಾನು ತುಂಬಾ ಹೊತ್ತು ಯೋಚಿಸಿದೆ. ಬರೆದವರು ಚಿಕ್ಕವರಿದ್ದಾಗ ಅಪ್ಪನ ಜೊತೆ ಕೂಲಿಗೆ ಹೋಗುತ್ತಿದ್ದ ಮನೆಯ ಬಾಗಿಲು. ಅದರ ಒಳಗೆ ಅವರು ಯಾವತ್ತೂ ಹೋಗಿಲ್ಲ, ಹೋಗುವ ಹಾಗಿರಲಿಲ್ಲ. ಕಾಫಿಯನ್ನು ಮೇಲಿಂದ ಲೋಟಕ್ಕೆ ಹೊಯ್ಯುತ್ತಿದ್ದರು, ಆ ಲೋಟ ಬಾಗಿಲ ಪಕ್ಕದ ಗೂಡಿನಲ್ಲೇ ಬೇರೆ ಇರುತ್ತಿತ್ತು. ಒಂದು ಬೈಗುಳ ಇಲ್ಲ, ಆ ಬಾಗಿಲ ಹಿತ್ತಾಳೆ ಗುಬ್ಬಿಗಳು ಎಷ್ಟು ಹೊಳೆಯುತ್ತಿದ್ದವು ಅಂತ ಮಾತ್ರ ಬರೆದಿದ್ದರು. ಹಾಕಿದ ಸ್ವಲ್ಪ ಹೊತ್ತಿಗೆ ಒಬ್ಬರು ನನಗೆ ಫೋನ್ ಮಾಡಿ, ಹಬ್ಬದ ಹೊತ್ತಲ್ಲಿ ಇದೆಲ್ಲ ಯಾಕೆ, ತೆಗೆದುಬಿಡಿ ಅಂದರು. ತೆಗೆಯಲ್ಲ ಅಂದೆ. ಬಾಗಿಲು ಅಂತ ಎಲ್ಲರಿಗೂ ಹೇಳಿದ್ದೇವೆ, ಒಳಗೆ ಇದ್ದವರ ಬಾಗಿಲು ಮಾತ್ರ ಅಂತ ಹೇಳಿಲ್ಲವಲ್ಲ. ಹಾಗೆ ಹೇಳಿದ ಮೇಲೆ ಅವರು ಸುಮ್ಮನಾದರು. ಸವಾಲು ನಡೆಸುವವರು ಇಂಥ ಹೊತ್ತಿಗೆ ಮೊದಲೇ ಗಟ್ಟಿಯಾಗಿರಬೇಕು, ಬರೆದವರು ನಮ್ಮನ್ನು ನಂಬಿ ಕೊಟ್ಟಿರುತ್ತಾರೆ.

ಆ ಬರಹದ ಕೆಳಗೆ ಜಗಳ ಆಗಲಿಲ್ಲ. ಅದಕ್ಕೆ ಕಾರಣ ನಮ್ಮ ಓದುವ ನಿಯಮ. ‘ಸೂಪರ್’, ಹೆಬ್ಬೆರಳು, ಹೂವಿನ ಗುಚ್ಛ, ಕೈ ಮುಗಿಯುವ ಚಿತ್ರ, ಯಾವುದೂ ಬೇಡ ಅಂದಿದ್ದೆ. ಅದರ ಬದಲು, ಬರೆದವರೆಲ್ಲ ಕನಿಷ್ಠ ಇನ್ನಿಬ್ಬರ ಬರಹದಿಂದ ತಮಗೆ ಹಿಡಿಸಿದ ಒಂದು ವಾಕ್ಯ ಎತ್ತಿ ಹಾಕಿ, ಅದು ಯಾಕೆ ಹಿಡಿಸಿತು ಅಂತ ಒಂದೇ ಮಾತು ಬರೆಯಬೇಕು. ಹೀಗೆ ಮಾಡಿದಾಗ ಪೂರ್ತಿ ಓದಲೇಬೇಕಾಗುತ್ತದೆ, ವಾದಕ್ಕೆ ಜಾಗವೂ ಇರೋದಿಲ್ಲ. ಆ ಹಿತ್ತಾಳೆ ಗುಬ್ಬಿಯ ವಾಕ್ಯವನ್ನು ಎಷ್ಟು ಜನ ಎತ್ತಿ ಹಾಕಿದರು ಅಂದರೆ, ಬರೆದವರೇ ಆಮೇಲೆ ನನಗೆ ಫೋನ್ ಮಾಡಿ, ಅದನ್ನು ಬರೆಯೋದೋ ಬೇಡವೋ ಅಂತ ಇದ್ದೆ ಅಂದರು. ಮೊದಲ ಸಲ ಬರೆದವರಿಗೆ ತಮ್ಮದೇ ವಾಕ್ಯ ಇನ್ನೊಬ್ಬರ ಸಂದೇಶದಲ್ಲಿ ಕಂಡಾಗ ಆಗುವ ಖುಷಿ ಇದೆಯಲ್ಲ, ಯಾವ ಬಹುಮಾನದಿಂದಲೂ ಅದು ಬರಲ್ಲ. ನಾವು ಮೊದಲನೆಯ ಸ್ಥಾನ, ಎರಡನೆಯ ಸ್ಥಾನ ಅಂತ ಇಡಲೂ ಇಲ್ಲ. ಸಕಲೇಶಪುರದ ಸ್ನೇಹಿತರು ತೋಟದ ಕಾಫಿಪುಡಿ ಕೊಟ್ಟಿದ್ದರು, ಅದನ್ನು ಚೀಟಿ ಎತ್ತಿ ಕೊಟ್ಟೆವು.

ಎಐಯಿಂದ ಬರೆಸಿ ಕಳಿಸೋದು ಈಗ ಎಲ್ಲ ಕಡೆ ಇದೆ. ನಮಗೂ ಒಂದು ಬಂತು, ‘ಬಾಗಿಲು ಎಂಬುದು ಕೇವಲ ಮರದ ಹಲಗೆಯಲ್ಲ, ಅದು ಅವಕಾಶಗಳ ಸಂಕೇತ’ ಅಂತ. ಕಳಿಸಿದ ಹುಡುಗನಿಗೆ ಫೋನ್ ಮಾಡಿದೆ. ಬೈಯಲಿಲ್ಲ, ನೀನು ಬೆಂಗಳೂರಿನಲ್ಲಿ ಎಲ್ಲಿದ್ದೀಯಪ್ಪ, ರೂಮಿನ ಬಾಗಿಲು ಹೇಗಿದೆ ಅಂತ ಕೇಳಿದೆ. ಪಿಜಿಯ ಬಾಗಿಲ ಒಳಮೈಯಲ್ಲಿ ಅವನಿಗಿಂತ ಮುಂಚೆ ಇದ್ದವರೆಲ್ಲ ಪೆನ್ನಿನಲ್ಲಿ ತಮ್ಮ ಊರಿನ ಹೆಸರು ಬರೆದಿದ್ದಾರೆ ಅಕ್ಕ, ಅದರಲ್ಲಿ ಹೊಳೆನರಸೀಪುರವೂ ಇದೆ ಅಂದ. ಇದನ್ನೇ ಬರಿ ಅಂದೆ. ಅದೇ ರಾತ್ರಿ ಬರೆದು ಕಳಿಸಿದ, ಒಂಬತ್ತೇ ವಾಕ್ಯ, ಚೆನ್ನಾಗಿತ್ತು.

ದೀಪಾವಳಿ ಹತ್ತಿರ ಬಂದಾಗ ಬರಹಗಳು ನಿಂತವು. ಮನೆ ತೊಳೆಯೋದು, ನೀರು ತುಂಬೋದು, ನೆಂಟರು, ಯಾರಿಗೆ ಪುರುಸೊತ್ತು. ‘ಯಾಕೆ ಯಾರೂ ಬರೆಯುತ್ತಿಲ್ಲ’ ಅಂತ ಕೇಳಿದರೆ ಗುಂಪು ಇನ್ನೂ ತಣ್ಣಗಾಗುತ್ತದೆ, ಹಾಗಾಗಿ ಕೇಳಲಿಲ್ಲ. ಬಲಿಪಾಡ್ಯಮಿಯ ಬೆಳಿಗ್ಗೆ ಒಂದೇ ಪ್ರಶ್ನೆ ಹಾಕಿದೆ: ಇವತ್ತು ನಿಮ್ಮ ಮನೆ ಹೊಸ್ತಿಲಿಗೆ ಸಗಣಿ ಉಂಡೆ ಇಟ್ಟು ಚೆಂಡುಹೂ ಸಿಕ್ಕಿಸಿದವರು ಯಾರು? ಸಂಜೆಯ ಹೊತ್ತಿಗೆ ಉತ್ತರಗಳು ತುಂಬಿಕೊಂಡವು. ಅಪಾರ್ಟ್‌ಮೆಂಟಿನವರು ಸಗಣಿ ಎಲ್ಲಿ ಹುಡುಕಿದರು, ಅತ್ತೆ ತೀರಿಕೊಂಡ ಮೇಲೆ ಮೊದಲ ಸಲ ಇಟ್ಟ ಸೊಸೆ, ಇಡೋದನ್ನೇ ಬಿಟ್ಟವರು. ಅವುಗಳಲ್ಲಿ ಚೆನ್ನಾಗಿದ್ದವರಿಗೆ ನಾನು ಒಬ್ಬೊಬ್ಬರಿಗೇ ಹೇಳಿದೆ, ಇದು ಆಗಲೇ ಅರ್ಧ ಬರಹ, ಇನ್ನರ್ಧ ಬರೆದು ನಾಳೆಯೊಳಗೆ ಕೊಡಿ. ಕೊಟ್ಟರು.

ಮುಚ್ಚಿದ ದಿನ ರಾತ್ರಿ ನಂಬರ್‌ಗಳ ಎದುರು ಹೆಸರು ಹಾಕಿದೆ, ಒಪ್ಪಿದವರದ್ದು ಮಾತ್ರ. ಹಿತ್ತಾಳೆ ಗುಬ್ಬಿಯವರು ಬೇಡ ಅಂದರು, ಹಾಕಲಿಲ್ಲ. ಆಮೇಲೆ ಎಲ್ಲವನ್ನೂ ಸೇರಿಸಿ ಪಿಡಿಎಫ್ ಮಾಡಿದೆ. ಮೊಬೈಲಿನಲ್ಲಿ ಓದದವರೂ ಇದ್ದಾರಲ್ಲ, ಅವರಿಗಾಗಿ ಅಂಗಡಿಯಲ್ಲೇ ಎ4 ಹಾಳೆ ಮಡಚಿ, ಎರಡೂ ಕಡೆ ಜೆರಾಕ್ಸ್ ತೆಗೆದು, ನಡುವೆ ಸ್ಟೇಪ್ಲರ್ ಹಾಕಿ ಪುಸ್ತಿಕೆ ಮಾಡಿದೆವು. ನೀವು ಮಾಡೋದಾದರೆ ಅಕ್ಷರ ಸ್ವಲ್ಪ ದೊಡ್ಡದಿಡಿ. ಮಡಚಿದ ಮೇಲೆ ಪುಟ ಅರ್ಧ ಆಗುತ್ತದೆ, ಒತ್ತಕ್ಷರ ಹಿರಿಯರಿಗೆ ಕಾಣೋದಿಲ್ಲ.

ಮುಂದಿನ ಸವಾಲಿಗೆ ವಸ್ತು ಆಗಲೇ ಸಿಕ್ಕಿದೆ, ಆಲೂಗಡ್ಡೆ. ಮೇ ಹೊತ್ತಿಗೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗಡ್ಡೆಯ ಲಾರಿಗಳು ಹಾಸನಕ್ಕೆ ಬರುತ್ತವೆ, ಆಗ ಶುರು. ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡು ಆಲೂಗಡ್ಡೆ ಬಿಟ್ಟೇಬಿಟ್ಟವರು ನಮ್ಮ ಸುತ್ತ ತುಂಬಾ ಜನ ಇದ್ದಾರೆ, ಅವರಿಂದ ಆಡಿಯೋ ತರುವ ಕೆಲಸವನ್ನು ಪಿಜಿಯ ಹುಡುಗ ಒಪ್ಪಿಕೊಂಡಿದ್ದಾನೆ, ಅವನಪ್ಪನಿಂದಲೇ ಶುರು ಮಾಡುತ್ತಾನಂತೆ.