‘ಶೈಕ್ಷಣಿಕ’ ಎಂದು ಬರೆದ ಡಬ್ಬಿಗಳನ್ನು ಬಿಟ್ಟ ಮೇಲೆ

ಮೂರು ವರ್ಷಗಳ ಹಿಂದೆ ಆರು ವರ್ಷದ ಮಗಳ ಕೈಗೆ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಯಂತ್ರ, ಕೊಟ್ಟಾಗ ಮನೆಯಲ್ಲಿ ಒಬ್ಬರೂ ನನ್ನ ಪರ ಇರಲಿಲ್ಲ. ಗಣಿತ ಕಲಿಸುವ ಅಕ್ಕ, “ಬಟನ್ ಒತ್ತಿದರೆ ಲೆಕ್ಕ ಬರುವುದಾದರೆ ನಮಗೇಕೆ ಸಂಬಳ ಕೊಡುತ್ತಾರೆ?” ಎಂದಿದ್ದಳು. ಕಳೆದ ತಿಂಗಳು ಅದೇ ಅಕ್ಕ ನನ್ನ ಪೆಟ್ಟಿಗೆಯಿಂದ ಎರಡು ಕಾರ್ಟ್ರಿಜ್ (ಯಂತ್ರಕ್ಕೆ ಸಿಕ್ಕಿಸುವ, ಆಟ ತುಂಬಿದ ಪುಟ್ಟ ಬಿಲ್ಲೆ) ಕೇಳಿ ತೆಗೆದುಕೊಂಡು ಹೋದಳು. ಆದ್ದರಿಂದಲೇ, ಮಕ್ಕಳಿಗೆ ನಿಜವಾಗಿ ಕಲಿಸುವ ಆಟಗಳನ್ನು ಹೇಗೆ ಆರಿಸುತ್ತೇನೆ ಎಂದು ಈಗ ಬರೆಯುತ್ತಿದ್ದೇನೆ.

ಮೊದಲು ನಷ್ಟದ ಲೆಕ್ಕ. ಮೊದಲ ವರ್ಷ ಹದಿನಾಲ್ಕೋ ಹದಿನೈದೋ ಆಟ ಕೊಂಡೆ, ಉಳಿದವು ನಾಲ್ಕು. ಅಷ್ಟು ಹಣದಲ್ಲಿ ಇನ್ನೊಂದು ಹ್ಯಾಂಡ್‌ಹೆಲ್ಡ್ ಬಂದು ಚಿಲ್ಲರೆಯೂ ಉಳಿಯುತ್ತಿತ್ತು. ಮುಕ್ಕಾಲು ಪಾಲು ಡೌನ್‌ಲೋಡ್ ಮಾಡಿಕೊಂಡ ಆಟಗಳು. ಬೇಡವಾದರೆ ಮಾರುವಂತಿಲ್ಲ, ಬೇರೆ ಮಕ್ಕಳಿಗೆ ಕೊಡುವಂತಿಲ್ಲ. ಅಲ್ಲಿಂದ ಮುಂದೆ ಕಾರ್ಟ್ರಿಜ್ ಮಾತ್ರ, ಅದೂ ಸೆಕೆಂಡ್ ಹ್ಯಾಂಡ್. ಸಾಮಾನ್ಯವಾಗಿ ಕೊಂಡ ಬೆಲೆಯ ಮುಕ್ಕಾಲಿಗೆ ಮರಳಿ ಮಾರಿದ್ದೇನೆ, ಒಂದೆರಡು ಸಲ ಕೊಂಡ ಬೆಲೆಗೇ.

ಅತಿ ದೊಡ್ಡ ಪೆಟ್ಟು ಕೊಟ್ಟದ್ದು ‘ಶೈಕ್ಷಣಿಕ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ ಒಂದು ಗುಣಾಕಾರದ ಆಟ. ಸರಿ ಉತ್ತರ ಒತ್ತಿದರೆ ಹತ್ತು ಸೆಕೆಂಡು ರಾಕೆಟ್ ಹಾರಿಸಬಹುದು. ಮಗಳ ಅಂಕ ಎರಡೇ ವಾರದಲ್ಲಿ ತೊಂಬತ್ತು ದಾಟಿತು. ನಾನು ಹಿಗ್ಗಿದೆ. ಒಂದು ಸಂಜೆ ಕಾಗದದ ಮೇಲೆ ಏಳೆಂಟ್ಲಿ ಕೇಳಿದರೆ ಉತ್ತರವಿಲ್ಲ. ಪಕ್ಕದಲ್ಲಿ ಕುಳಿತು ಅವಳ ಬೆರಳನ್ನೇ ನೋಡಿದೆ. ತೆರೆಯ ಮೇಲಿನ ನಾಲ್ಕು ಉತ್ತರಗಳನ್ನೂ ಎಡದಿಂದ ಬಲಕ್ಕೆ ಟಪಟಪನೆ ಒತ್ತುತ್ತಿದ್ದಳು. ತಪ್ಪಿಗೆ ದಂಡವೇ ಇರಲಿಲ್ಲ. ಪ್ರಶ್ನೆಯನ್ನು ಅವಳು ಓದುತ್ತಲೇ ಇರಲಿಲ್ಲ. ಲೆಕ್ಕ ಅವಳಿಗೆ ರಾಕೆಟ್‌ನ ದಾರಿಗೆ ಅಡ್ಡ ಬಂದ ಗೇಟು, ಅಷ್ಟೇ.

ನನ್ನ ಇಡೀ ವಿಧಾನ ಹುಟ್ಟಿದ್ದು ಆ ಸಂಜೆ. ಯಾವುದೇ ಆಟದಿಂದ ಪಾಠದ ಭಾಗವನ್ನು ಮನಸ್ಸಿನಲ್ಲೇ ಕಿತ್ತು ನೋಡುತ್ತೇನೆ. ಉಳಿದದ್ದು ಇನ್ನೂ ಆಟವಾಗಿ ನಡೆಯುತ್ತದೆ ಎಂದಾದರೆ ಆ ಪಾಠ ಮೇಲಿನಿಂದ ಅಂಟಿಸಿದ್ದು, ಮಗು ಅದನ್ನು ಕೆರೆದು ತೆಗೆಯುತ್ತದೆ. ಕಿತ್ತ ಕೂಡಲೇ ಆಟವೇ ಕುಸಿಯಬೇಕು. ಅಂಥದ್ದು ಮಾತ್ರ ಮುಂದಿನ ಪರೀಕ್ಷೆಗೆ ಬರುತ್ತದೆ.

ಪರೀಕ್ಷೆಗೆ ಮೂರು ಸಂಜೆ ಬೇಕು. ಡೆಮೊ ಸಿಕ್ಕರೆ ಡೆಮೊ, ಇಲ್ಲವಾದರೆ ಎರವಲು. ಮೊದಲ ಸಂಜೆ ಮಕ್ಕಳು ಮಲಗಿದ ಮೇಲೆ ಅರ್ಧ ಗಂಟೆ ನಾನೊಬ್ಬನೇ ಆಡುತ್ತೇನೆ. ಬೇಕೆಂದೇ ತಪ್ಪು ಮಾಡಿ ಏನಾಗುತ್ತದೆ ನೋಡುತ್ತೇನೆ. ತಪ್ಪಿಗೆ ಬರೀ ‘ಮತ್ತೆ ಪ್ರಯತ್ನಿಸು’ ಎನ್ನುವ ಆಟ ಬೇಡ, ಎಲ್ಲಿ ಎಡವಿದೆ ಎಂದು ಕಣ್ಣಿಗೆ ಕಾಣಬೇಕು. ಎರಡನೆಯ ಸಂಜೆ ಮಗು ಆಡುತ್ತದೆ, ನಾನು ಬಾಯಿ ಬಿಡುವುದಿಲ್ಲ. ನನಗೆ ಅತ್ಯಂತ ಕಷ್ಟವಾದದ್ದು ಇದೇ. ಮೂರನೆಯ ಸಂಜೆ ಯಂತ್ರ ಕಪಾಟಿನಲ್ಲಿ. ಮಗು ಕಾಗದ ಪೆನ್ಸಿಲ್ ಹಿಡಿದು ಆಟವನ್ನು ನನಗೆ ವಿವರಿಸಬೇಕು. ಕೊನೆಗೆ ನಾನು ಕೇಳುವ ಒಂದೇ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳಿಗೆ ಮೊದಲೇ ತಿಳಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಈ ಮೂರು ಸಂಜೆಗಳನ್ನು ದಾಟಿ ಬಂದು ಆಮೇಲೆ ಮೂಲೆ ಸೇರಿದ ಆಟ ಇದುವರೆಗೆ ಒಂದೇ. ಇಷ್ಟು ಗುರಿ ತಪ್ಪದೆ ಆರಿಸುವವರನ್ನು ನಾನಂತೂ ಕಂಡಿಲ್ಲ.

ಮೊದಲು ಗೆದ್ದದ್ದು ಪಿಕ್ರಾಸ್. ಸಾಲಿನ ಪಕ್ಕದ ಅಂಕಿ ಎಷ್ಟೋ ಅಷ್ಟು ಮನೆಗಳನ್ನು ನಡುವೆ ಬಿಡದೆ ತುಂಬುವ ಚೌಕದ ಆಟ. ಗೇಮ್ ಬಾಯ್ ಎಂಬ ಹಳೆಯ ಹ್ಯಾಂಡ್‌ಹೆಲ್ಡ್‌ನಲ್ಲಿ 1995ರಲ್ಲೇ ಇತ್ತು. ಮೂರನೆಯ ಸಂಜೆ ಮಗಳು ಹತ್ತು ಮನೆಯ ಒಂದು ಸಾಲು ಗೀಚಿ ಪಕ್ಕದಲ್ಲಿ ಎಂಟು ಎಂದು ಬರೆದಳು. ಎರಡೂ ತುದಿಯಿಂದ ಎಣಿಸಿ, ನಡುವೆ ಬೆರಳಿಟ್ಟು, “ಅಪ್ಪ, ಎಂಟು ಎಲ್ಲಿಂದ ಶುರುವಾದರೂ ಈ ಆರು ಮನೆ ತಪ್ಪಿಸಿಕೊಳ್ಳುವುದಿಲ್ಲ” ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಕಾಗದ ಇನ್ನೂ ನನ್ನ ಡೈರಿಯಲ್ಲಿದೆ. ಅಕ್ಕನ ಬಾಯಿ ಕಟ್ಟಿದ್ದೂ ಅದೇ.

ಎರಡನೆಯದು ಸ್ನಿಪರ್‌ಕ್ಲಿಪ್ಸ್. ಇಬ್ಬರು ಕಾಗದದ ಗೊಂಬೆಗಳು ಒಬ್ಬರ ಮೇಲೊಬ್ಬರು ಬಂದು ಕತ್ತರಿಸಿಕೊಂಡು ಬೇಕಾದ ಆಕಾರವಾಗಬೇಕು. ಮಗಳೂ ಅವಳ ಪುಟ್ಟ ತಮ್ಮನೂ ಮಾತಾಡಿಕೊಳ್ಳದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಇದಕ್ಕಾಗಿಯೇ ನಿಂಟೆಂಡೊ ಕಂಪನಿಯ ಚಿಕ್ಕ ಹ್ಯಾಂಡ್‌ಹೆಲ್ಡ್ ಸ್ವಿಚ್ ಲೈಟ್ ಬಿಟ್ಟು ಎರಡು ಕಂಟ್ರೋಲರ್ ಕಳಚಬಹುದಾದ ದೊಡ್ಡ ಸ್ವಿಚ್ ಇಟ್ಟುಕೊಂಡೆ. ಲೈಟ್ ಸುಮಾರು 275 ಗ್ರಾಂ, ದೊಡ್ಡದು 400ರ ಹತ್ತಿರ. ಚಿಕ್ಕವನ ಮಣಿಕಟ್ಟು ನೋಯುತ್ತಿತ್ತು. ತೊಡೆಯ ಮೇಲೊಂದು ದಿಂಬು ಕೊಟ್ಟ ಮೇಲೆ ದೂರು ನಿಂತಿತು.

ಆಟದ ಡಬ್ಬಿಯ ಮೇಲಿನ ವಯಸ್ಸನ್ನು ನಂಬಿ ಕೆಟ್ಟವರು ಬಹಳ. ಯುರೋಪಿನ ವಯೋಗುರುತಾದ ಪೆಗಿ 3 ಎಂದರೆ ಆಟದಲ್ಲಿ ಮಗುವಿಗೆ ಸಲ್ಲದ್ದು ಇಲ್ಲ ಎಂದು ಮಾತ್ರ. ಮೂರು ವರ್ಷದ ಮಗು ಅದನ್ನು ಆಡಬಲ್ಲದು ಎಂದಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಹಳೆಯ ಗೇಮ್ ಬಾಯ್ ಒಂದನ್ನು ಹುಡುಕಿ ತಂದು, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಹಾಕಿಕೊಟ್ಟೆ. 1989ರ ಯಂತ್ರ, ನಾಲ್ಕು ಪೆನ್ಸಿಲ್ ಸೆಲ್, ತೆರೆಗೆ ಸ್ವಂತ ಬೆಳಕಿಲ್ಲ. ಇಬ್ಬರೂ ಕಿಟಕಿಯ ಪಕ್ಕ ಕುಳಿತು, ಬಿಸಿಲು ಸರಿದಂತೆ ತಾವೂ ಸರಿಯುತ್ತ ಆಡಿದರು. ಕತ್ತಲಾದಾಗ ಕೂಗಾಟವಿಲ್ಲದೆ ಇಟ್ಟುಬಿಟ್ಟರು. ನಾನು ಸಮಯದ ಮಿತಿ ಹಾಕಿದ್ದ ಹೊಸ ಯಂತ್ರದ ಮುಂದೆ ಅಷ್ಟು ಶಾಂತಿ ಒಮ್ಮೆಯೂ ಇರಲಿಲ್ಲ. ಮಳೆಗಾಲದಲ್ಲಿ ಮಾತ್ರ ಈ ಉಪಾಯ ಸೋತಿತು.

ಪ್ರಾಣಿಗಳ ಊರಿನಲ್ಲಿ ಬದುಕು ನಡೆಸುವ ಆಟ ಆನಿಮಲ್ ಕ್ರಾಸಿಂಗ್ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ, ಮಗಳೇ ಹಟ ಹಿಡಿದು ತರಿಸಿದ್ದು. ಅದರಲ್ಲಿ ಭಾನುವಾರ ಟರ್ನಿಪ್ ಗೆಡ್ಡೆ ಕೊಳ್ಳಬೇಕು. ಮಾರುವ ದರ ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಇನ್ನೊಂದು. ಮುಂದಿನ ಭಾನುವಾರದೊಳಗೆ ಮಾರದಿದ್ದರೆ ಎಲ್ಲವೂ ಕೊಳೆಯುತ್ತದೆ. ಒಂದು ವಾರ ದುರಾಸೆಯಿಂದ ಕಾದು ಇದ್ದಬದ್ದದ್ದೆಲ್ಲ ಕಳೆದುಕೊಂಡು ಅತ್ತಳು. ಮರುವಾರದಿಂದ ನೋಟ್‌ಬುಕ್‌ನಲ್ಲಿ ದಿನಕ್ಕೆರಡು ಸಲ ದರ ಬರೆದಿಟ್ಟು ಗೆರೆ ಎಳೆಯತೊಡಗಿದಳು. ಗ್ರಾಫ್ ಎಂಬ ಮಾತು ಅವಳ ಪುಸ್ತಕದಲ್ಲಿ ಇನ್ನೂ ಬಂದಿರಲಿಲ್ಲ.

ಈಗ ಐದು ವರ್ಷದ ಮಗನ ಸರದಿ. ಓದಲು ಬಾರದವನಿಗೆ ಮಾತು ತುಂಬಿದ ಆಟಗಳೆಲ್ಲ ಹೊರಗೆ. ಅವನಿಗಾಗಿ ತಂದಿರುವುದು ಕ್ಯಾಪ್ಟನ್ ಟೋಡ್. ಅದರ ನಾಯಕನಿಗೆ ಜಿಗಿಯಲು ಬರುವುದಿಲ್ಲ, ನೋಟವನ್ನು ಸುತ್ತ ತಿರುಗಿಸಿ ತಿರುಗಿಸಿ ದಾರಿ ಹುಡುಕಬೇಕು. ನಿನ್ನೆ ಎರಡನೆಯ ಸಂಜೆ. ಗೋಡೆಯ ಹಿಂದೆ ಏನಿದೆ ನೋಡಲು ಅವನು ಯಂತ್ರದ ಜೊತೆಗೆ ತನ್ನ ಕತ್ತನ್ನೂ ತಿರುಗಿಸುತ್ತಿದ್ದ. ಇಂದು ಕಾಗದ ಪೆನ್ಸಿಲ್ ತೆಗೆದಿಟ್ಟಿದ್ದೇನೆ.